ಹತ್ತಡಿ ಖೋಲಿಯ ಲೆಕ್ಕ

ಮುಂಬಯಿಯ ಇಕ್ಕಟ್ಟಿನ ಮಾತು ಬಂದಾಗಲೆಲ್ಲ ಒಂದು ಸಿದ್ಧ ಉತ್ತರ ಕೇಳಿಬರುತ್ತದೆ: ಜನ ಮಿತಿಮೀರಿ ಬಂದರು, ದ್ವೀಪದಲ್ಲಿ ಜಾಗ ಸಾಲಲಿಲ್ಲ, ಹಾಗಾಗಿ ಕೊಳೆಗೇರಿ. ಕೇಳಲು ಸರಿಯೆನ್ನಿಸುವ ಈ ಉತ್ತರ ಜನಗಣತಿಯ ಮುಂದೆ ನಿಲ್ಲುವುದಿಲ್ಲ. 1891ರಲ್ಲಿ 8.21 ಲಕ್ಷವಿದ್ದ ನಗರದ ಜನಸಂಖ್ಯೆ ಪ್ಲೇಗು ಬಡಿದ ಮೇಲೆ 1901ರಲ್ಲಿ 7.76 ಲಕ್ಷಕ್ಕೆ ಇಳಿಯಿತು. 1911ರಲ್ಲೂ ಅದು 10 ಲಕ್ಷ ಮುಟ್ಟಿರಲಿಲ್ಲ. ಆದರೂ ಆ ಹೊತ್ತಿಗೆ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಮಂದಿ ಒಂದೇ ಕೋಣೆಯ ಮನೆಗಳಲ್ಲಿದ್ದರು, ಕೋಣೆಗೆ ಸರಾಸರಿ ನಾಲ್ಕಕ್ಕೂ ಮಿಕ್ಕಿ ಜನ. ಈಚಿನ ಕಾಲಕ್ಕೆ ಬಂದರೆ, ಕೊಲಾಬಾದಿಂದ ಮಾಹಿಮ್ ಮತ್ತು ಸಾಯನ್‌ವರೆಗಿನ ಹಳೆಯ ನಗರದ ಜನಸಂಖ್ಯೆ 1981ರಿಂದ 2011ರ ನಡುವೆ ಸುಮಾರು 33 ಲಕ್ಷದಿಂದ 31 ಲಕ್ಷಕ್ಕೆ ಕುಗ್ಗಿದೆ. ಆ ಹಳೆಯ ನಗರದೊಳಗೇ ಇರುವ ಧಾರಾವಿ ಕೊಳೆಗೇರಿಯ ಓಣಿಗಳು ಅದರಿಂದ ಒಂದು ಗೇಣೂ ಅಗಲವಾಗಲಿಲ್ಲ. ತಲೆಗಳು ಹೆಚ್ಚಾದಾಗಲೂ ಕಡಿಮೆಯಾದಾಗಲೂ ಬಡವನ ಕೋಣೆ ಅಷ್ಟೇ ಕಿಕ್ಕಿರಿದಿತ್ತು ಎಂದಾದರೆ ಕಾರಣವನ್ನು ಬೇರೆಡೆ ಹುಡುಕಬೇಕು. ಕೆಲಸ ಸಿಗುವ ಕಡೆಯೇ ಬಡವ ಇರಲೇಬೇಕಿತ್ತು, ಆ ಕಡೆಯ ನೆಲ ಮಾತ್ರ ಅವನ ಕೂಲಿಗೆ ಎಂದೂ ಎಟುಕಲಿಲ್ಲ. ಈ ಎರಡರ ನಡುವಿನ ಕೊರತೆಯನ್ನು ಅವನು ತುಂಬಿಕೊಂಡದ್ದು ತನ್ನ ಮೈ ಮಡಚಿಕೊಂಡು. ಒಂದೂಕಾಲು ಶತಮಾನದ ಸುಧಾರಣೆಗಳೆಲ್ಲ ಮನೆಯನ್ನು ನೋಡಿದವು, ಈ ಕೊರತೆಯನ್ನು ನೋಡಲಿಲ್ಲ ಎಂಬುದು ನನ್ನ ವಾದ.

ಮೊದಲ ಹತ್ತಿ ಗಿರಣಿಗೆ ಕಾವಸ್‌ಜಿ ದಾವರ್ 1854ರಲ್ಲಿ ಕಂಪನಿ ಕಟ್ಟಿದರು. ಎರಡು ವರ್ಷದಲ್ಲಿ ಅದು ನೂಲು ತೆಗೆಯಿತು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ, ಎಂದರೆ 1861ರಿಂದ 1865ರವರೆಗೆ, ಇಂಗ್ಲೆಂಡಿನ ಗಿರಣಿಗಳಿಗೆ ಭಾರತದ ಹತ್ತಿಯೇ ಗತಿಯಾದಾಗ ಮುಂಬಯಿಗೆ ಹಣದ ಹೊಳೆ ಹರಿಯಿತು. ಅದರಲ್ಲಿ ಬಹುಪಾಲು ಸಮುದ್ರ ತುಂಬುವ ಕಂಪನಿಗಳ ಷೇರುಗಳಲ್ಲಿ ಸುರಿದು 1865ರ ಕುಸಿತದಲ್ಲಿ ಕೊಚ್ಚಿಹೋಯಿತು. ಉಳಿದ ಬಂಡವಾಳದ ಮೇಲೆ ಗಿರಣಿಗಳು ಬೆಳೆದು 1890ರ ದಶಕದ ನಡುವೆ ಸುಮಾರು 70ಕ್ಕೆ ಏರಿದವು. ಪರೇಲ್, ಲಾಲ್‌ಬಾಗ್, ವರ್ಲಿ, ಡಿಲಾಯಿಲ್ ರಸ್ತೆಯ ಆಸುಪಾಸು ಗಿರಣಗಾಂವ್, ಎಂದರೆ ಗಿರಣಿಗಳ ಊರು, ಆಯಿತು. ರತ್ನಾಗಿರಿ, ಸಾತಾರಾ, ಕೊಲ್ಹಾಪುರದ ಕಡೆಯಿಂದ ಆಳುಗಳು ಬಂದರು. ಇವರಿಗೆ ಗಿರಣಿಯ ಹತ್ತಿರವೇ ಇರುವುದು ಅನಿವಾರ್ಯವಾಗಿತ್ತು. ವಯಸ್ಕ ಗಂಡಾಳಿನ ದುಡಿಮೆಗೆ 1911ರ ಕಾಯ್ದೆ ಬರುವವರೆಗೆ ಗಂಟೆಯ ಮಿತಿಯೇ ಇರಲಿಲ್ಲ. ಬೆಳಗಿನ ಜಾವ ಭೋಂಗಾ ಕೂಗಿದಾಗ ಬಾಗಿಲಲ್ಲಿರಬೇಕು. ಕಾಯಂ ಅಲ್ಲದ ಬದಲಿ ಆಳು ಇನ್ನೂ ಮುಂಚೆ ಹೋಗಿ ಮುಕಾದಮನ ಕಣ್ಣಿಗೆ ಬೀಳಬೇಕು, ಅಂದು ಯಾರು ಬಂದಿಲ್ಲವೋ ಅವನ ಜಾಗ ಸಿಗಬೇಕು. ಪಗಾರವೋ ತಿಂಗಳು ಮುಗಿದ ಮೇಲೂ ಹಲವು ದಿನ ಮಾಲೀಕನ ಕೈಯಲ್ಲೇ ಉಳಿಯುತ್ತಿತ್ತು. ಅಲ್ಲಿಯವರೆಗೆ ಅಕ್ಕಿ ಬೇಳೆ ಉದ್ರಿ ಕೊಡುವ ಅಂಗಡಿಯವನು ಗುರುತಿನವನಾಗಿರಬೇಕು. ಕೆಲಸ ಕೊಡಿಸುವ ಮುಕಾದಮ, ಸಾಲ ಕೊಡುವ ಅಂಗಡಿ, ಊರಿನ ನಾಲ್ಕು ಜನ, ಎಲ್ಲರೂ ಇದ್ದದ್ದು ಒಂದೇ ಕೇರಿಯಲ್ಲಿ. ಇತಿಹಾಸಕಾರ ರಾಜನಾರಾಯಣ ಚಂದಾವರ್ಕರ್ ತೋರಿಸಿಕೊಟ್ಟಂತೆ, ಮುಂಬಯಿಯ ಕಾರ್ಮಿಕನಿಗೆ ಕೇರಿ ಎಂದರೆ ಗಿರಣಿಯಷ್ಟೇ ಮುಖ್ಯವಾದ ಆಧಾರ. ಅದನ್ನು ಬಿಟ್ಟು ಎರಡು ಮೈಲಿ ಆಚೆ ಅಗಲವಾದ ಮನೆ ಹಿಡಿದವನಿಗೆ ಗಾಳಿ ಸಿಗುತ್ತಿತ್ತು, ಕೆಲಸ ತಪ್ಪುತ್ತಿತ್ತು.

ಈ ಅನಿವಾರ್ಯವನ್ನು ಬಾಡಿಗೆಗೆ ಪರಿವರ್ತಿಸಿದ ಕಟ್ಟಡವೇ ಚಾಳು. ಮೂರೋ ನಾಲ್ಕೋ ಅಂತಸ್ತು, ಉದ್ದಕ್ಕೆ ಒಂದು ಪಡಸಾಲೆ, ಅದಕ್ಕೆ ಅಂಟಿಕೊಂಡು ಹತ್ತಡಿಗೆ ಹತ್ತೋ ಹನ್ನೆರಡೋ ಅಡಿಯ ಖೋಲಿಗಳ ಸಾಲು, ಕೊನೆಯಲ್ಲಿ ಎಲ್ಲರಿಗೂ ಸೇರಿ ನಲ್ಲಿ ಮತ್ತು ಪಾಯಿಖಾನೆ. ಖೋಲಿಯ ಒಂದು ಮೂಲೆಯಲ್ಲಿ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಮೋರಿ: ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಹೆಂಗಸರ ಸ್ನಾನ ಎಲ್ಲ ಅಲ್ಲೇ. ಅದರ ಪಕ್ಕದಲ್ಲಿ ಒಲೆ, ಹೊಗೆ ಹೋಗಲು ಬಾಗಿಲೇ ದಾರಿ. ರಾತ್ರಿ ಗಂಡಸರು ಪಡಸಾಲೆಯಲ್ಲಿ, ಮೆಟ್ಟಿಲ ಮೇಲೆ, ಬೇಸಗೆಯಲ್ಲಿ ಬೀದಿಯ ಅಂಚಿನಲ್ಲಿ ಮಲಗುತ್ತಿದ್ದರು. ಒಂಟಿಯಾಗಿ ಬಂದವರು ಊರಿನವರೆಲ್ಲ ಕೂಡಿ ಹಿಡಿದ ಖೋಲಿಯಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಇಡುವಷ್ಟು ಹಕ್ಕು ಪಡೆದು, ಹೆಂಗಸರು ನಡೆಸುತ್ತಿದ್ದ ಖಾನಾವಳಿಯಲ್ಲಿ ಉಣ್ಣುತ್ತಿದ್ದರು. ಹಗಲು ಪಾಳಿಯವನು ಎದ್ದ ಜಾಗದಲ್ಲಿ ರಾತ್ರಿ ಪಾಳಿಯವನು ಬಂದು ಮಲಗುವುದೂ ಉಂಟು. ಕನ್ನಡಿಗರ ಮುಂಬಯಿಯೂ ಇದಕ್ಕೆ ಹೊರತಲ್ಲ. ದಕ್ಷಿಣ ಕನ್ನಡದಿಂದ ಹೋದ ಹುಡುಗರು ಫೋರ್ಟ್ ಪ್ರದೇಶದ ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದು, ಸಂಜೆ ಕನ್ನಡದ ರಾತ್ರಿಶಾಲೆಗಳಲ್ಲಿ ಓದಿ, ಬಾಗಿಲು ಹಾಕಿದ ಹೋಟೆಲಿನ ಬೆಂಚಿನ ಮೇಲೇ ಮಲಗಿ ಬೆಳೆದರು. ಇದನ್ನು ನಾವು ಸಾಹಸದ ಕಥೆಯಾಗಿ ಹೇಳಿಕೊಳ್ಳುತ್ತೇವೆ. ಆದರೆ ಹೋಟೆಲೇ ಮನೆಯಾದದ್ದು ಆ ಕೂಲಿಗೆ ಆ ಪೇಟೆಯಲ್ಲಿ ಬೇರೆ ನೆಲ ಇರಲಿಲ್ಲವಾದ್ದರಿಂದ. ಅದೂ ಚಾಳಿನ ಲೆಕ್ಕವೇ.

1896ರ ಸೆಪ್ಟೆಂಬರಿನಲ್ಲಿ ಬಂದರಿನ ಬದಿಯ ಮಾಂಡವಿಯಲ್ಲಿ ಡಾ. ಅಕಾಸಿಯೊ ವೀಗಸ್ ಪ್ಲೇಗನ್ನು ಗುರುತಿಸಿದಾಗ ಸರಕಾರದ ಕಣ್ಣಿಗೆ ಈ ಖೋಲಿಗಳು ಮೊದಲ ಬಾರಿಗೆ ಬಿದ್ದವು ಎನ್ನಬಹುದು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. 2020ರಲ್ಲಿ ಕೋವಿಡ್ ಬಂದಾಗ ನಾವು ಮತ್ತೆ ಕೈಗೆತ್ತಿಕೊಂಡದ್ದು ಇದನ್ನೇ. ಅಧಿಕಾರಿಗಳ ತಂಡಗಳು ಮನೆಮನೆಗೆ ನುಗ್ಗಿ ಸುಣ್ಣ ಹೊಡೆಸಿದವು, ಬೆಳಕು ಬೀಳಲೆಂದು ಛಾವಣಿಯ ಹೆಂಚು ತೆಗೆಸಿದವು, ಮನುಷ್ಯವಾಸಕ್ಕೆ ಅಯೋಗ್ಯ ಎಂಬ ಅರ್ಥದ ಯು.ಎಚ್.ಎಚ್. ಎಂಬ ಮೂರಕ್ಷರವನ್ನು ಗೋಡೆಯ ಮೇಲೆ ಬರೆದವು. ನಗರದ ಅರ್ಧದಷ್ಟು ಜನ ಊರು ಬಿಟ್ಟು ಓಡಿದರು. ಆಗ ನಡೆದ ಒಂದು ಸಂಗತಿ ನಮ್ಮ ವಾದಕ್ಕೆ ಮುಖ್ಯ. ಆಳು ಸಿಗದೆ ಗಿರಣಿ ನಿಲ್ಲುವ ಹೊತ್ತು ಬಂದಾಗ ಮಾಲೀಕರು ಅಂದಂದಿನ ಕೂಲಿಯನ್ನು ಅಂದೇ ಕೊಡಲು ಮುಂದಾದರು, ಒಬ್ಬರ ಆಳನ್ನು ಇನ್ನೊಬ್ಬರು ಹೆಚ್ಚು ಕೊಟ್ಟು ಸೆಳೆದರು. ಅಂದರೆ ಹೆಚ್ಚು ಕೂಲಿ ಕೊಡುವ ಶಕ್ತಿ ಅವರಲ್ಲಿತ್ತು. ಕೊಡಬೇಕಾದ ಒತ್ತಾಯ ಮಾತ್ರ ಇರಲಿಲ್ಲ. ಪ್ಲೇಗು ಇಳಿದು ಜನ ಮರಳಿದ ಮೇಲೆ ಹಳೆಯ ಪದ್ಧತಿಯೂ ಮರಳಿತು. ಸರಕಾರ ಕಲಿತ ಪಾಠ ಕೂಲಿಯದಾಗಿರಲಿಲ್ಲ, ಕಟ್ಟಡದ್ದಾಗಿತ್ತು.

1898ರಲ್ಲಿ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಆ ಪಾಠದ ಫಲ. ಕಡಲ ಗಾಳಿ ಒಳನುಗ್ಗಲೆಂದು ಅದು ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರಸ್ತೆಗಳನ್ನು ಇಕ್ಕಟ್ಟಾದ ಕೇರಿಗಳ ಎದೆ ಸೀಳಿ ತೆಗೆಯಿತು. ಕೆಡವಿದ ಖೋಲಿಗಳ ಜನ ಎಲ್ಲಿಗೆ ಹೋದರು? ಪಕ್ಕದ ಚಾಳಿಗೆ. ಟ್ರಸ್ಟು ಕಟ್ಟುವುದು ಕೆಡವುವುದರ ಹಿಂದೆಯೇ ಉಳಿಯಿತು. ಅದು ದಾದರ್, ಮಾಟುಂಗಾಗಳಲ್ಲಿ ಬಿಡಿಸಿದ ಬಡಾವಣೆಗಳು ಮಧ್ಯಮ ವರ್ಗದವರ ಪಾಲಾದವು. ಇನ್ನೂ ವಿಚಿತ್ರವೆಂದರೆ ಪರಿಹಾರದ ಲೆಕ್ಕ. ಕಟ್ಟಡಕ್ಕೆ ಕೊಡುವ ಪರಿಹಾರವನ್ನು ಅದರಿಂದ ಬರುತ್ತಿದ್ದ ಬಾಡಿಗೆಯ ಮೇಲೆ ಎಣಿಸುತ್ತಿದ್ದರು. ಹಾಗಾಗಿ ಒಂದು ಖೋಲಿಗೆ ಹತ್ತು ಜನರನ್ನು ತುಂಬಿ ಬಾಡಿಗೆ ಹಿಂಡಿದ ಮಾಲೀಕನಿಗೆ ಹೆಚ್ಚು ಹಣ, ಗಾಳಿಗೆ ಜಾಗ ಬಿಟ್ಟವನಿಗೆ ಕಡಿಮೆ. ಇಕ್ಕಟ್ಟನ್ನು ನಿವಾರಿಸಲು ಹುಟ್ಟಿದ ಸಂಸ್ಥೆಯೇ ಇಕ್ಕಟ್ಟಿಗೆ ಬಹುಮಾನ ಕೊಟ್ಟಂತಾಯಿತು. ಟ್ರಸ್ಟಿನ ಅಧ್ಯಕ್ಷರಾಗಿದ್ದ ಜೆ.ಪಿ. ಓರ್ ಅವರಿಗೆ ಇದರ ಅರಿವಿತ್ತು. ಕಟ್ಟಡದ ಎತ್ತರ ಅದರ ಮುಂದಿನ ಬಯಲಿನ ಎರಡು ಪಟ್ಟನ್ನು ಮೀರಬಾರದು, ಆಗ ಮಾತ್ರ ಕೆಳಗಿನ ಕೋಣೆಗೂ ಆಕಾಶ ಕಾಣುತ್ತದೆ ಎಂಬ ಅರವತ್ತಮೂರೂವರೆ ಡಿಗ್ರಿಯ ನಿಯಮಕ್ಕಾಗಿ ಅವರು ಪಟ್ಟು ಹಿಡಿದು ವಾದಿಸಿದರು. ಆ ನಿಯಮದ ಗತಿ ಮುಂದೆ ಏನಾಯಿತು ಎಂಬುದನ್ನು ಮರಳಿ ನೋಡೋಣ.

ಎರಡನೆಯ ದೊಡ್ಡ ಪ್ರಯತ್ನ ಗವರ್ನರ್ ಜಾರ್ಜ್ ಲಾಯ್ಡ್ ಕಾಲದ್ದು. 1920ರಲ್ಲಿ ಸ್ಥಾಪನೆಯಾದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ 50,000 ಖೋಲಿ ಕಟ್ಟುವುದಾಗಿ ಹೊರಟು, ಹತ್ತಿಯ ಪ್ರತಿ ಬೇಲ್‌ಗೆ ಒಂದು ರೂಪಾಯಿ ಸುಂಕ ಹಾಕಿ ಹಣ ಕೂಡಿಸಿತು. ಕೊನೆಗೆ ಎದ್ದದ್ದು ವರ್ಲಿ, ನಾಯಗಾಂವ್, ಡಿಲಾಯಿಲ್ ರಸ್ತೆ, ಶಿವಡಿಗಳಲ್ಲಿ 207 ಕಾಂಕ್ರೀಟ್ ಚಾಳುಗಳು, 16 ಸಾವಿರಕ್ಕೆ ತುಸು ಮಿಕ್ಕ ಖೋಲಿಗಳು. ಖೋಲಿಗಾಗಿ ಜನ ಹಾತೊರೆಯುತ್ತಿದ್ದ ನಗರದಲ್ಲಿ ಇವುಗಳ ದೊಡ್ಡ ಪಾಲು ವರ್ಷಗಟ್ಟಲೆ ಖಾಲಿ ಬಿತ್ತು. ಅತಿ ಹೆಚ್ಚು ಚಾಳುಗಳಿದ್ದ ವರ್ಲಿ ಆಗ ಊರಾಚೆಯ ಜಾಗ, ಬಾಡಿಗೆ ಗಿರಣಿ ಆಳಿನ ಕೈಗೆ ಮೀರಿದ್ದು. ಜನಸಂಖ್ಯೆಯೇ ಇಕ್ಕಟ್ಟಿನ ಕಾರಣವಾಗಿದ್ದರೆ ಖಾಲಿ ಮನೆ ಇರುವ ಕಡೆ ಜನ ನುಗ್ಗಬೇಕಿತ್ತು. ಅದೇ 1920ರ ದಶಕದಲ್ಲಿ ಪ್ರಕಟವಾದ, ಬರ್ನೆಟ್-ಹರ್ಸ್ಟ್ ಎಂಬ ಸಂಶೋಧಕರ ಅಧ್ಯಯನ ಕಾರ್ಮಿಕ ವರ್ಗದ ಶೇ. 97ರಷ್ಟು ಮಂದಿ ಒಂದೇ ಕೋಣೆಯಲ್ಲಿದ್ದಾರೆ ಎಂದಿತು. ಒಂದು ಕಡೆ ಖಾಲಿ ಖೋಲಿ, ಇನ್ನೊಂದು ಕಡೆ ಕಾಲಿಡಲಾಗದ ಖೋಲಿ. ನಡುವೆ ಇದ್ದದ್ದು ನಡಿಗೆಯ ದೂರ ಮತ್ತು ಬಾಡಿಗೆಯ ವ್ಯತ್ಯಾಸ.

ಇಲ್ಲಿ ಅಂದಿನ ಅಧಿಕಾರಿಗಳೂ ಮಾಲೀಕರೂ ಎತ್ತುತ್ತಿದ್ದ ಒಂದು ಆಕ್ಷೇಪವನ್ನು ಕೇಳಬೇಕು. ಈ ಜನಕ್ಕೆ ಇಕ್ಕಟ್ಟು ರೂಢಿ, ಊರಿನ ಗುಡಿಸಲಿನಲ್ಲೂ ಹೀಗೇ ಇರುತ್ತಾರೆ, ಇಲ್ಲಿ ಬಾಡಿಗೆ ಉಳಿಸಿ ಊರಿಗೆ ಹಣ ಕಳಿಸುವುದೇ ಅವರಿಗೆ ಮುಖ್ಯ ಎಂಬುದು ಆ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ಊರಿಗೆ ಮನಿಯಾರ್ಡರ್ ಹೋಗುತ್ತಿದ್ದುದು ನಿಜ. ಆದರೆ ಊರಿನ ಹೊಲವೂ ಮನೆಯೂ ಅವನಿಗೆ ಏಕೆ ಬೇಕಾಗಿತ್ತು? ಗಿರಣಿಯಲ್ಲಿ ಪಿಂಚಣಿ ಇಲ್ಲ, ಕಾಯಿಲೆಗೆ ರಜೆಯಿಲ್ಲ, ಕೆಲಸಕ್ಕೆ ಖಾತ್ರಿಯಿಲ್ಲ. ಮುದಿತನ, ರೋಗ, ಮುಷ್ಕರ ಎಲ್ಲಕ್ಕೂ ಊರೇ ವಿಮೆ. ಆ ವಿಮೆಯ ಕಂತನ್ನು ಕಟ್ಟಲು ಅವನು ನಗರದಲ್ಲಿ ಜಾಗ ಬಿಟ್ಟುಕೊಟ್ಟ. ಬಾಳಂತನಕ್ಕೆ ಹೆಂಡತಿ ಊರಿಗೆ, ಬೆಳೆಯುವ ಮಕ್ಕಳು ಊರಿನಲ್ಲಿ, ಕೊನೆಗಾಲದಲ್ಲಿ ಅವನೂ ಊರಿಗೆ. ಹೀಗೆ ಗಿರಣಿ ತನ್ನ ಆಳಿನ ಬದುಕಿನ ಅರ್ಧ ಖರ್ಚನ್ನು ಕೊಂಕಣದ ಬಡ ಹಳ್ಳಿಗಳ ಮೇಲೆ ಹೊರಿಸಿತು. ಇದನ್ನು ರೂಢಿ ಎಂದು ಕರೆದವರು ಯಾರ ಲಾಭದ ಲೆಕ್ಕ ಬರೆಯುತ್ತಿದ್ದರು ಎಂದು ಕೇಳಬೇಕಾಗುತ್ತದೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಬಾಡಿಗೆ ನಿಯಂತ್ರಣವೇ ಮುಂಬಯಿಯನ್ನು ಕೆಡಿಸಿತು ಎಂದು ಅನೇಕ ಅರ್ಥಶಾಸ್ತ್ರಜ್ಞರು ಹೇಳುತ್ತಾರೆ. 1947ರ ಕಾಯ್ದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ದಶಕಗಳು ಉರುಳಿದರೂ ಬಿಡಲಿಲ್ಲ. ಮಾಲೀಕ ರಿಪೇರಿ ನಿಲ್ಲಿಸಿದ, ಬಾಡಿಗೆಗೆಂದು ಹೊಸ ಚಾಳು ಕಟ್ಟುವವರು ಇಲ್ಲವಾದರು, ಖೋಲಿ ಕೈಬದಲಾಗುವಾಗ ಕೊಡುವ ಪಗಡಿಯೇ ನಿಜವಾದ ಬೆಲೆಯಾಯಿತು. ಮಳೆಗಾಲದಲ್ಲಿ ಕುಸಿಯುವ ಕಟ್ಟಡಗಳಿಗಾಗಿ 1969ರಲ್ಲಿ ರಿಪೇರಿ ಮಂಡಳಿಯನ್ನೇ ರಚಿಸಬೇಕಾಯಿತು, 19 ಸಾವಿರಕ್ಕೂ ಹೆಚ್ಚು ಹಳೆಯ ಕಟ್ಟಡಗಳು ಅದರ ಸುಪರ್ದಿಗೆ ಬಂದವು. ಈ ಆರೋಪವನ್ನು ಬಹುಮಟ್ಟಿಗೆ ಒಪ್ಪಲೇಬೇಕು. ಆದರೆ ಅದು ಹೇಳುವುದು ಇಕ್ಕಟ್ಟು ಮುಂದುವರಿದದ್ದು ಹೇಗೆ ಎಂಬುದನ್ನು, ಹುಟ್ಟಿದ್ದು ಹೇಗೆ ಎಂಬುದನ್ನಲ್ಲ. ಶೇ. 97ರ ಅಂಕಿ ಬಂದ ಕಾಲಕ್ಕೆ 1947ರ ಕಾಯ್ದೆ ಇರಲಿಲ್ಲ. ಅದಕ್ಕೂ ಮುಂಚೆ, ಮಾರುಕಟ್ಟೆಗೆ ಯಾವ ಕಡಿವಾಣವೂ ಇಲ್ಲದ 1890ರ ದಶಕದಲ್ಲಿ, ಮಾರುಕಟ್ಟೆ ಕಟ್ಟಿದ್ದು ಮೂರಕ್ಷರ ಬರೆಸಿಕೊಂಡ ಆ ಖೋಲಿಗಳನ್ನೇ. ಬಾಡಿಗೆ ಬಿಗಿದರೆ ಮನೆ ಏಳುವುದಿಲ್ಲ ಎಂಬುದು ಎಷ್ಟು ನಿಜವೋ, ಬಾಡಿಗೆ ಬಿಟ್ಟರೆ ಆ ಕೂಲಿಗೆ ಸಿಗುವುದು ಖೋಲಿಯ ಮೂಲೆ ಮಾತ್ರ ಎಂಬುದೂ ಅಷ್ಟೇ ನಿಜ.

ಚಾಳಿನಲ್ಲೂ ಜಾಗ ಸಿಗದವರು ಬಯಲಿಗೆ ಬಂದರು. ಸ್ವಾತಂತ್ರ್ಯದ ನಂತರ ರೈಲು ಹಳಿಯ ಬದಿ, ಕಾಲುವೆಯ ದಂಡೆ, ಜೌಗು, ಗುಡ್ಡದ ಇಳಿಜಾರು ಎಲ್ಲ ಕಡೆ ಜೋಪಡಿ ಎದ್ದವು. ಮೊದಲು ಕೆಡವುವುದೇ ನೀತಿಯಾಗಿತ್ತು. 1976ರ ಜನವರಿಯಲ್ಲಿ ಜೋಪಡಿಗಳ ಗಣತಿ ಮಾಡಿ ಅಲ್ಲಿದ್ದವರಿಗೆ ಗುರುತಿನ ಫೋಟೊ ಪಾಸ್ ಕೊಟ್ಟರು. ಕೆಲವೇ ತಿಂಗಳಲ್ಲಿ ಅಣುಶಕ್ತಿ ಸಂಶೋಧನಾ ಕೇಂದ್ರಕ್ಕಾಗಿ ಜನತಾ ಕಾಲನಿಯ ಸುಮಾರು 70 ಸಾವಿರ ಜನರನ್ನು ಎಬ್ಬಿಸಿ ಈಗ ಚೀತಾ ಕ್ಯಾಂಪ್ ಎನ್ನುವ ಜೌಗಿಗೆ ತಳ್ಳಿದರು. 1981ರ ಮಳೆಗಾಲದಲ್ಲಿ ಫುಟ್‌ಪಾತ್ ವಾಸಿಗಳನ್ನು ಬಸ್ಸಿಗೆ ತುಂಬಿ ಹೊರಗೆ ಸಾಗಿಸಲು ಸರಕಾರ ಹೊರಟಾಗ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಓಲ್ಗಾ ಟೆಲ್ಲಿಸ್ ಪ್ರಕರಣವೆಂದು ಹೆಸರಾದ ಅದರ ತೀರ್ಪು 1985ರ ಜುಲೈಯಲ್ಲಿ ಬಂತು. ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪೀಠ ಹೊಟ್ಟೆಪಾಡಿನ ಹಕ್ಕು ಬದುಕುವ ಹಕ್ಕಿನ ಭಾಗ ಎಂದಿತು. ಜನ ಫುಟ್‌ಪಾತ್ ಆರಿಸಿಕೊಳ್ಳುವುದು ಕೆಲಸ ಹತ್ತಿರವಿರುವುದರಿಂದ ಎಂಬುದನ್ನೂ ಒಪ್ಪಿತು. ಒಂದು ಶತಮಾನದ ಮುಖ್ಯ ಸತ್ಯ ಹೀಗೆ ದೇಶದ ಅತ್ಯುನ್ನತ ನ್ಯಾಯಾಲಯದ ದಾಖಲೆಯಾಯಿತು. ಆದರೆ ಅದೇ ತೀರ್ಪು, ನೋಟಿಸು ಕೊಟ್ಟು ಮಳೆಗಾಲ ಮುಗಿದ ಮೇಲೆ ಎಬ್ಬಿಸಬಹುದು ಎಂದೂ ಹೇಳಿತು. ಕಾರಣವನ್ನು ಒಪ್ಪಿದರೂ ಪರಿಹಾರದ ದಾರಿ ಹಳೆಯದೇ ಆಗಿ ಉಳಿಯಿತು.

ಧಾರಾವಿಯ ಕಥೆ ಈ ಎಲ್ಲವನ್ನೂ ಒಂದೇ ಕಡೆ ತೋರಿಸುತ್ತದೆ. ಮೂಲದಲ್ಲಿ ಅದು ಕೋಳಿ ಎಂಬ ಸಮುದಾಯದ ಬೆಸ್ತರ ಊರು. 19ನೇ ಶತಮಾನದ ಕೊನೆಗೆ ನಾತದ ಕಸುಬು ಎಂದು ನಗರ ಹೊರಗಟ್ಟಿದ ಚರ್ಮದ ಹದಗಾರಿಕೆ ಇಲ್ಲಿ ನೆಲೆಸಿತು, ತಮಿಳುನಾಡಿನಿಂದ ಹದಗಾರರು ಬಂದರು. ಸೌರಾಷ್ಟ್ರದ ಕುಂಬಾರರಿಗೆ 1930ರ ದಶಕದಲ್ಲಿ ಕುಂಭಾರವಾಡಾ ಸಿಕ್ಕಿತು. ಅಂದು ಊರಾಚೆಯಾಗಿದ್ದ ಜೌಗು, ನಗರ ಉತ್ತರಕ್ಕೆ ಬೆಳೆದಂತೆ ಎರಡು ರೈಲು ಮಾರ್ಗಗಳ ನಡುವಿನ ಹೃದಯಭಾಗವಾಯಿತು. ಧಾರಾವಿಯನ್ನು ಉದ್ಯಮಶೀಲತೆಯ ಕಾರಂಜಿ ಎಂದು ಹೊಗಳುವ ಬರಹಗಳು ಈಗ ಬೇಕಾದಷ್ಟಿವೆ. ಇಲ್ಲಿ ಇಕ್ಕಟ್ಟೇ ಬಂಡವಾಳ, ಕೆಳಗೆ ಕಾರ್ಖಾನೆ ಮೇಲೆ ಮನೆ ಇರುವುದರಿಂದಲೇ ಈ ಕಸುಬು ನಡೆಯುತ್ತದೆ ಎಂಬುದು ಅವುಗಳ ವಾದ. ಹತ್ತಿರವಿರುವುದರ ಬೆಲೆಯನ್ನು ಅವು ಸರಿಯಾಗಿಯೇ ಕಂಡಿವೆ. ಆದರೆ ಕೆಲಸದ ಹತ್ತಿರ ಇರುವುದು ಬೇರೆ, ಒಬ್ಬರ ಮೇಲೊಬ್ಬರು ಇರುವುದು ಬೇರೆ. ಪಾಯಿಖಾನೆಯ ಮುಂದಿನ ಸರತಿಯಿಂದ, ಹೊಗೆ ತುಂಬಿದ ಅಟ್ಟದಿಂದ ಯಾವ ಉದ್ಯಮವೂ ಲಾಭ ಪಡೆಯುವುದಿಲ್ಲ. ಈಗಿನ ಪುನರಭಿವೃದ್ಧಿ ಯೋಜನೆಯಲ್ಲಿ 2000ದ ಜನವರಿಗೆ ಮುಂಚಿನ ನೆಲಮಹಡಿಯವರಿಗೆ ಅಲ್ಲೇ 350 ಚದರಡಿ ಮನೆ. ಮೇಲಿನ ಅಟ್ಟದಲ್ಲಿ ಬಾಡಿಗೆಗಿರುವವರಿಗೆ ಧಾರಾವಿಯ ಹೊರಗೆ ಜಾಗ. ಎಲ್ಲರಿಗಿಂತ ಬಡವನಾದ, ಹತ್ತಿರದ ಅಗತ್ಯ ಎಲ್ಲರಿಗಿಂತ ಹೆಚ್ಚಿರುವ ಅಟ್ಟದವನೇ ದೂರ ಹೋಗಬೇಕಾದವನು.

ನೆಲವೇ ಇಲ್ಲ, ಏನು ಮಾಡುವುದು ಎಂಬುದು ಉಳಿದ ಆಕ್ಷೇಪ. 1982ರ ಜನವರಿಯಲ್ಲಿ ದತ್ತಾ ಸಾಮಂತರ ನಾಯಕತ್ವದಲ್ಲಿ ಶುರುವಾದ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ನಗರದ ನಡುಮಧ್ಯೆ ಸುಮಾರು 600 ಎಕರೆ ಬಿಡುವಾಯಿತು. 1991ರ ನಿಯಮ ಅದನ್ನು ಸರಿಸುಮಾರು ಮೂರು ಪಾಲು ಮಾಡಿ ಒಂದನ್ನು ಬಯಲಿಗೆ, ಒಂದನ್ನು ಸಾರ್ವಜನಿಕ ವಸತಿಗೆ, ಒಂದನ್ನು ಮಾಲೀಕರಿಗೆ ಹಂಚಿತ್ತು. 2001ರ ತಿದ್ದುಪಡಿ ಈ ಹಂಚಿಕೆ ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರ ಎಂದಿತು. ಗಿರಣಿಯ ನೆಲದ ಬಹುಪಾಲು ಕಟ್ಟಡದಿಂದಲೇ ತುಂಬಿತ್ತು. 2006ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿದ ಮೇಲೆ ವಸತಿಗೆ ಉಳಿದದ್ದು ಚೂರುಪಾರು, ಮಿಕ್ಕಲ್ಲಿ ಮಾಲ್‌ಗಳೂ ಗೋಪುರಗಳೂ ಎದ್ದವು. 1976ರ ನಗರ ಭೂಮಿತಿ ಕಾಯ್ದೆಯೂ ವಿನಾಯಿತಿಗಳಲ್ಲಿ ಸೋರಿಹೋಗಿ 2007ರಲ್ಲಿ ರದ್ದಾಯಿತು. ಇತ್ತ 1995ರಲ್ಲಿ ಬಂದ ಕೊಳೆಗೇರಿ ಪುನರ್ವಸತಿ ಪ್ರಾಧಿಕಾರದ (ಎಸ್‌ಆರ್‌ಎ) ಯೋಜನೆ ಬಿಲ್ಡರುಗಳಿಗೆ ಹೆಚ್ಚುವರಿ ಕಟ್ಟುವ ಹಕ್ಕು ಕೊಟ್ಟು ಜೋಪಡಿಯವರಿಗೆ 225 ಚದರಡಿಯ ಉಚಿತ ಮನೆ ಕಟ್ಟಿಸಹೊರಟಿತು. 8 ಲಕ್ಷ ಮನೆಯ ಗುರಿಯ ಅರ್ಧವೂ ಎರಡು ದಶಕದಲ್ಲಿ ಆಗಲಿಲ್ಲ. ನೆಲದ ಬೆಲೆ ಇರುವ ಕಡೆ ಬಿಲ್ಡರು ಬಂದ, ಇಲ್ಲದ ಕಡೆ ಬರಲಿಲ್ಲ. ರಸ್ತೆ, ರೈಲು ಯೋಜನೆಗಳಿಗಾಗಿ ಎಬ್ಬಿಸಿದವರನ್ನು ಗೋವಂಡಿ, ಮಾನಖುರ್ದ್ ಕಡೆಯ ಕಾಲನಿಗಳಿಗೆ ಕಳಿಸಿದರು. ಅಲ್ಲಿ ಕೆಲವು ಬಹುಮಹಡಿ ಕಟ್ಟಡಗಳ ನಡುವೆ ಇರುವುದು ಮೂರು ಮೀಟರ್ ಅಂತರ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೆಳಕು ಗಾಳಿ ತಲುಪದ ಇಂಥ ಕಟ್ಟಡಗಳಲ್ಲಿ, ಅದರಲ್ಲೂ ಕೆಳ ಮಹಡಿಗಳಲ್ಲಿ, ಕ್ಷಯರೋಗ ಹೆಚ್ಚೆಂದು ಕಂಡಿತು. ಪ್ಲೇಗಿನ ಹೆಣಗಳ ನಡುವೆ ನಗರ ಕಲಿತ, ಓರ್ ಡಿಗ್ರಿಯ ಲೆಕ್ಕದಲ್ಲಿ ಹೇಳಿದ ಪಾಠವನ್ನು ಬಡವರ ಮನೆಯ ಮಟ್ಟಿಗೆ ನಾವು ನಿಯಮ ಸಡಿಲಿಸಿಯೇ ಮರೆತೆವು.

2011ರ ಗಣತಿಯಂತೆ ಮುಂಬಯಿಯ ಶೇ. 41ಕ್ಕೂ ಹೆಚ್ಚು ಜನ ಕೊಳೆಗೇರಿಗಳಲ್ಲಿದ್ದಾರೆ. ಅವರ ಕೈಯಲ್ಲಿರುವುದು ನಗರದ ನೆಲದ ಹತ್ತರಲ್ಲೊಂದು ಪಾಲೂ ಅಲ್ಲ. ಈ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟರೆ ಜನ ಹೆಚ್ಚಾದರು ಎಂಬ ವಾದ ತಾನಾಗಿ ಸಡಿಲವಾಗುತ್ತದೆ. ಇದು ಮುಂಬಯಿಗೆ ಮಾತ್ರ ಸಂಬಂಧಿಸಿದ ಮಾತೂ ಅಲ್ಲ. ಕಲಬುರಗಿ, ರಾಯಚೂರು, ಯಾದಗಿರಿಯಿಂದ ಬಂದು ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುವವರು ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿರುವುದೂ ಅದೇ ಲೆಕ್ಕದಿಂದ. ಅವರಿಗೆಂದು ಊರಾಚೆ ಕಟ್ಟಿದ ವಸತಿ ಸಮುಚ್ಚಯದಲ್ಲಿ ಮನೆ ಹಿಡಿದರೆ ಕೂಲಿಯ ಪಾಲು ಬಸ್ಸಿಗೇ ಹೋಗುತ್ತದೆ. ಹಾಗಾದರೆ ಇಕ್ಕಟ್ಟು ಕಳೆಯುವ ಯಾವ ಯೋಜನೆಯನ್ನಾದರೂ ಅಳೆಯಬೇಕಾದ್ದು ಅದು ಎಷ್ಟು ಮನೆ ಕಟ್ಟಿತು ಎಂಬುದರಿಂದಲ್ಲ. ಆ ಮನೆ ಕೆಲಸದಿಂದ ಎಷ್ಟು ದೂರ, ಅದರ ಖರ್ಚು ಕೂಲಿಯ ಎಷ್ಟನೇ ಪಾಲು, ಎಲ್ಲಕ್ಕಿಂತ ಕೆಳಗಿನ ಕೋಣೆಗೆ ಬಿಸಿಲು ಬೀಳುತ್ತದೆಯೇ, ಬಾಡಿಗೆದಾರನಾಗಿ ಇರುವವನಿಗೂ ಅದರಲ್ಲಿ ಪಾಲಿದೆಯೇ ಎಂಬ ನಾಲ್ಕು ಪ್ರಶ್ನೆಗಳಿಂದ. 1898ರ ಟ್ರಸ್ಟು ಮೊದಲೆರಡಕ್ಕೆ ಸೋತು ಮೂರನೆಯದನ್ನಾದರೂ ಕೇಳಿತ್ತು. ನಾವು ಅದನ್ನೂ ಬಿಟ್ಟಿದ್ದೇವೆ. ನಗರದ ಒಳಗಿನ ನೆಲದಲ್ಲಿ ದುಡಿಯುವವರಿಗೆಂದು ಒಂದು ಪಾಲು ಕಾಯ್ದಿಟ್ಟು, ಅಲ್ಲಿ ಕೂಲಿಗೆ ಎಟುಕುವ ಬಾಡಿಗೆ ಮನೆ ಕಟ್ಟಿ, ಅದನ್ನು ಮಾರಾಟಕ್ಕೆ ಬಿಡದೆ ಉಳಿಸಿಕೊಳ್ಳುವ ಕೆಲಸ ದುಬಾರಿಯಾದದ್ದೇ. ಆ ಖರ್ಚು ಈಗಲೂ ನಡೆದೇ ಇದೆ; ಅದನ್ನು ಕಟ್ಟುತ್ತಿರುವವರು ಖೋಲಿಯಲ್ಲಿ ಇರುವವರು ಎಂಬ ಕಾರಣಕ್ಕೆ ಸರಕಾರದ ಬಜೆಟ್ಟಿನಲ್ಲಿ ಅದು ಕಾಣುವುದಿಲ್ಲ.